ಅತ್ತವರು ಹಡಗು ಹತ್ತುವ ಹಾಗಿಲ್ಲ

ಕೂಸನ್ನು ಎತ್ತಿಕೊಂಡು ಹಡಗು ಹತ್ತುವುದೋ ಬಿಡುವುದೋ ಎಂಬ ಪ್ರಶ್ನೆ ಕಾಂತೇಶನ ಮನೆಯಲ್ಲಿ ಏಳುವ ಮೊದಲೇ ಬೈಲಹೊಂಗಲದ ಬಸ್ ಸ್ಟ್ಯಾಂಡಿನ ಎದುರು ಇತ್ಯರ್ಥವಾಗಿಬಿಟ್ಟಿತ್ತು. ಅಲ್ಲಿ ಎರಡು ಕರೆಂಟು ಕಂಬಗಳ ನಡುವೆ ಒಂದು ಫ್ಲೆಕ್ಸ್ ಎದ್ದಿತ್ತು. ಅದರಲ್ಲಿ ಒಂದು ಬಿಳಿ ಹಡಗು. ಹಡಗಿಗಿಂತ ಎತ್ತರವಾಗಿ ಕಾಂತೇಶ, ಕಪ್ಪು ಕನ್ನಡಕ ಹಾಕಿಕೊಂಡು ಕೈ ಮುಗಿದು ನಿಂತಿದ್ದ. ಅವನ ಹೆಗಲ ಹತ್ತಿರ ಅವನ ಒಂಬತ್ತು ತಿಂಗಳ ಮಗಳು ದಾನೇಶ್ವರಿ, ತಲೆಯ ಮೇಲೆ ಕ್ಯಾಪ್ಟನ್ನನ ಟೋಪಿ. ಕೆಳಗೆ ಕೆಂಪು ಅಕ್ಷರಗಳಲ್ಲಿ, "ಸಮುದ್ರಯಾನಕ್ಕೆ ಹೊರಟಿರುವ ನಮ್ಮೂರ ಹೆಮ್ಮೆಯ ಕಾಂತೇಶಣ್ಣನವರಿಗೆ ಹಾರ್ದಿಕ ಶುಭಾಶಯಗಳು. ಶುಭ ಕೋರುವವರು: ಶಟ್ಟೆಪ್ಪ ಮತ್ತು ಗೆಳೆಯರ ಬಳಗ." ಅದರ ಕೆಳಗೆ ಬಳಗದವರ ಮುಖಗಳು, ಬಟನ್ನಿನಷ್ಟು ಬಟನ್ನಿನಷ್ಟು, ಎರಡು ಸಾಲು. ಇಷ್ಟೆಲ್ಲ ಮುಖಗಳಿಗೆ ಜಾಗ ಸಿಕ್ಕಿದ ಆ ಫ್ಲೆಕ್ಸಿನಲ್ಲಿ ಕಾಂತೇಶನ ಹೆಂಡತಿ ಉಮಾಶ್ರೀಯ ಮುಖ ಮಾತ್ರ ಇರಲಿಲ್ಲ.

ಈ ಫ್ಲೆಕ್ಸಿಗೆ ಕಾರಣ ಒಂದು ಪ್ಲಾಸ್ಟಿಕ್ ಹಡಗು. ಕಾಂತೇಶನದು ಬಜಾರದಲ್ಲಿ ಪೈಪು ಮತ್ತು ಬೋರ್‌ವೆಲ್ ಪಂಪುಗಳ ಅಂಗಡಿ. "ಗಂಗಾಂಬಿಕಾ ಪೈಪ್ಸ್ ಆ್ಯಂಡ್ ಪಂಪ್ಸ್" ಎಂದು ದೊಡ್ಡ ಬೋರ್ಡು. ಬೋರ್ಡಿನ ಮೂಲೆಯಲ್ಲಿ, ಕಣ್ಣು ಕಿರಿದು ಮಾಡಿ ನೋಡಿದರೆ ಕಾಣುವಂತೆ, "ಪ್ರೊ: ಶ್ರೀಮತಿ ಗುರುಬಸವ್ವ". ಗುರುಬಸವ್ವ ಕಾಂತೇಶನ ತಾಯಿ. ಅಂಗಡಿ ತೆರೆಯುವಾಗ ಯಾರೋ ತಿಳಿದವರು ಹೆಣ್ಣುಮಕ್ಕಳ ಹೆಸರಿನಲ್ಲಿದ್ದರೆ ಅನುಕೂಲ ಎಂದದ್ದಕ್ಕೆ ಹಾಗೆ ಬರೆಸಿದ್ದ. ಬರೆಸಿದವನಿಗೇ ಅದು ಮರೆತುಹೋಗಿತ್ತು. ಮಾಲಕಿಯೂ ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದುದು ದೀಪಾವಳಿಯ ಪೂಜೆಗೆ ಮಾತ್ರ.

ಆ ಬೇಸಿಗೆಯಲ್ಲಿ ಪಂಪುಗಳು ಭರ್ಜರಿಯಾಗಿ ಮಾರಾಟವಾದವು. ಕಂಪನಿಯವರು ಬೆಳಗಾವಿಯ ಹೋಟೆಲೊಂದರಲ್ಲಿ ಡೀಲರುಗಳನ್ನು ಕೂಡಿಸಿ, ಕಾಂತೇಶನ ಅಂಗಡಿಗೆ ಮುಂಬೈಯಿಂದ ಲಕ್ಷದ್ವೀಪಕ್ಕೆ ಹಡಗಿನ ಪ್ರವಾಸವನ್ನು ಬಹುಮಾನವಾಗಿ ಘೋಷಿಸಿದರು. ಇಬ್ಬರಿಗೆ ಅವಕಾಶ, ಕೂಸಿದ್ದರೆ ಕೂಸಿಗೂ ಅಡ್ಡಿಯಿಲ್ಲ ಎಂದರು. ನೆನಪಿಗೆಂದು ಕೈಯಲ್ಲೊಂದು ಪ್ಲಾಸ್ಟಿಕ್ ಹಡಗು ಕೊಟ್ಟರು. ಕಾಂತೇಶ ಅದನ್ನು ತಂದು ಗಲ್ಲಾಪೆಟ್ಟಿಗೆಯ ಮೇಲೆ, ರಸ್ತೆಗೆ ಮುಖಮಾಡಿ ಇಟ್ಟ. ಯಾರೂ ಕೇಳದಿದ್ದರೆ ಬಟ್ಟೆ ತೆಗೆದುಕೊಂಡು ಅದನ್ನು ಒರೆಸುತ್ತಿದ್ದ. ಕೇಳಿದರೆ ಒಂದು ನಿಟ್ಟುಸಿರು ಬಿಡುತ್ತಿದ್ದ.

"ಏನ ಮಾಡೂದ್ರಿ, ಹೋಗಾಕ ಬೇಕಂತ. ಕಂಪನಿಯವ್ರು ಬಿಡವಲ್ರು."

ಈ ನಿಟ್ಟುಸಿರು ಎದುರಿನ ಅಂಗಡಿಯ ಶಟ್ಟೆಪ್ಪನ ಕಿವಿಗೆ ಬಿತ್ತು. ಶಟ್ಟೆಪ್ಪ ಫ್ಲೆಕ್ಸ್ ಮುದ್ರಿಸುವವನು. ಮೀಸೆ ದೊಡ್ಡದು, ಮನಸ್ಸು ಅದಕ್ಕಿಂತ ದೊಡ್ಡದು. ಎರಡು ಕಂಬಗಳ ನಡುವೆ ಆಕಾಶ ಖಾಲಿ ಕಾಣಿಸಿದರೆ ಅವನಿಗೆ ಊಟ ಸೇರುವುದಿಲ್ಲ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಕಾಂತೇಶನಿಗೆ ಹೋಗುವ ವಿಚಾರ ಇರಲೇ ಇಲ್ಲ. ಸುತ್ತಲಿನ ಹಳ್ಳಿಗಳ ಹೊಲಕ್ಕೆಲ್ಲ ನೀರು ಎತ್ತಿಸಿದ ಈ ಮನುಷ್ಯನಿಗೆ ನೀರೆಂದರೆ ಜೀವಭಯ. ಸೊಗಲದ ಜಲಪಾತ ನೋಡಲು ಹೋದರೆ ವಾಹನದಲ್ಲೇ ಕುಳಿತು ಚಪ್ಪಲಿ ಕಾಯುತ್ತಿದ್ದ. ಆದರೆ ಭಯ ಎಂದು ಹೇಳಿಕೊಳ್ಳಲು ಮರ್ಯಾದೆ ಅಡ್ಡ ಬರುತ್ತದಲ್ಲ, ಅದಕ್ಕೇ ಅವನು ಒಂದು ಯೋಜನೆ ಹಾಕಿಕೊಂಡಿದ್ದ. ಹೊರಡುವ ತನಕ ಹೊರಡುವವನ ಕೀರ್ತಿ ಅನುಭವಿಸುವುದು, ಹೊರಡುವ ಹೊತ್ತಿಗೆ "ಕೂಸಿನ ಸಲುವಾಗಿ ಬಿಟ್ಟೆ" ಎಂದು ತ್ಯಾಗಿಯ ಕೀರ್ತಿಯನ್ನೂ ಪಡೆಯುವುದು. ಕುಳಿತ ಜಾಗದಿಂದ ಏಳದೆ ಎರಡು ಕೀರ್ತಿ. ಯೋಜನೆಯಲ್ಲಿ ಯಾವ ದೋಷವೂ ಇರಲಿಲ್ಲ, ಅದರಲ್ಲಿ ಉಳಿದ ಜನರಿದ್ದರು ಎಂಬುದೊಂದನ್ನು ಬಿಟ್ಟರೆ.

ಮನೆಗೆ ಸುದ್ದಿ ಮುಟ್ಟಿಸಿದವಳು ಪಕ್ಕದ ಮನೆಯ ಕೃಷ್ಣವ್ವ. ಕಾಯಿಪಲ್ಲೆ ಚೀಲ ಹಿಡಿದುಕೊಂಡೇ ಒಳಗೆ ಬಂದಳು.

"ಏನ ಉಮಾ, ನಿನ್ನ ಮಗಳು ಬಸ್ ಸ್ಟ್ಯಾಂಡಿನ ಮುಂದ ಟೊಪಗಿ ಹಾಕ್ಕೊಂಡ ನಿಂತಾಳ, ನೀ ಇಲ್ಲಿ ರೊಟ್ಟಿ ಬಡಕೋತ ಕುಂತೀಯಲ್ಲ?"

"ನಿಂತಾಳ? ಆಕಿಗಿನ್ನೂ ನಿಂದ್ರಾಕ ಬರೂದಿಲ್ಲಲ್ಲ ಕೃಷ್ಣಕ್ಕ" ಎಂದಳು ಉಮಾಶ್ರೀ. ಆದರೂ ಒಮ್ಮೆ ಎದ್ದು ತೊಟ್ಟಿಲು ನೋಡಿ ಬಂದಳು.

ಮಧ್ಯಾಹ್ನ ಕಾಂತೇಶ ಊಟಕ್ಕೆ ಬರುವಷ್ಟರಲ್ಲಿ ಪಡಸಾಲೆಯಲ್ಲಿ ಕೋರ್ಟು ಕೂಡಿತ್ತು. ಗುರುಬಸವ್ವ ಒಂದು ಕೈಯಲ್ಲಿ ತೊಟ್ಟಿಲ ಹಗ್ಗ ಜಗ್ಗುತ್ತ ಕುಳಿತಿದ್ದಳು. ಕೃಷ್ಣವ್ವ ಪಕ್ಕದಲ್ಲಿ ಸಾಕ್ಷಿಯಾಗಿ ಕುಳಿತಿದ್ದಳು.

"ಹಡಗಿನ್ಯಾಗ ತೊಟ್ಟಲಾ ಎಲ್ಲಿ ಕಟ್ಟತೀಯೊ ಕಾಂತ್ಯಾ?" ಎಂದು ಗುರುಬಸವ್ವ ವಿಚಾರಣೆ ಆರಂಭಿಸಿದಳು. "ಅಲ್ಲಿ ತೊಲಿ ಅದಾವೇನು, ಜಂತಿ ಅದಾವೇನು?"

"ಅಲ್ಲಿ ಕಾಟ್ ಇರತಾವ ಯವ್ವಾ."

"ಕೂಸಿಗೆ ಎಣ್ಣಿ ಹಚ್ಚಿ ಎರದ ಮ್ಯಾಲ ಲೋಬಾನದ ಹೊಗಿ?"

"ಹೊಗಿ ಹಾಕೂ ಹಂಗಿಲ್ಲಂತ. ಹಾಕಿದ್ರ ಇಡೀ ಹಡಗಿನ ಗಂಟಿ ಹೊಡಕೋತಾವಂತ."

"ಹೊಗಿ ಹಾಕಲಿಲ್ಲಂದ್ರ ಕೂಸು ಹೆಂಗ ಮಲಗತೈತಿ? ಯಾವ ಹುಚ್ಚ ಕಟ್ಟಿದ್ನೊ ಆ ಹಡಗ?"

"ಹಡಗಂದ್ರ ಮುಳಗೂದ ಐತಿ ಯಕ್ಕಾ" ಎಂದು ಕೃಷ್ಣವ್ವ ಸಾಕ್ಷಿ ನುಡಿದಳು. "ನಾ ಟೀವ್ಯಾಗ ನೋಡೇನಿ. ಮೊದಲ ಹಾಡು ಹಾಡತಾರ, ಆಮ್ಯಾಲ ಮುಳಗತೈತಿ."

ಕಾಂತೇಶನಿಗೆ ಒಳಗೊಳಗೇ ಹಿಗ್ಗು. ತಾನು ಬಾಯಿ ಬಿಡದೆಯೇ ಕೇಸು ತನ್ನ ಕಡೆಗೆ ಆಗುತ್ತಿದೆ! ಆದರೂ ಮೇಲುನೋಟಕ್ಕೆ ಹುಬ್ಬು ಗಂಟಿಕ್ಕಿ, "ಹಂಗಂದ್ರ ಹೆಂಗ, ಕಂಪನಿಯವ್ರು ಏನಂತಾರ" ಎಂದು ಗೊಣಗಿದ.

ಉಮಾಶ್ರೀ ಅವನ ತಾಟಿಗೆ ರೊಟ್ಟಿ ಹಾಕುತ್ತ, "ನಾ ಸಮುದ್ರ ನೋಡಿಲ್ಲ" ಎಂದಳು. ತೊಟ್ಟಿಲ ಗದ್ದಲದಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.

ಅವಳಿಗೆ ಸಮುದ್ರ ನೋಡುವ ಆಸೆ ಇತ್ತು, ಬಹಳವೇ ಇತ್ತು. ತವರೂರು ಸಿರಸಂಗಿಯ ಶಾಲೆಯಿಂದ ಹುಡುಗಿಯರನ್ನೆಲ್ಲ ಕಾರವಾರಕ್ಕೆ ಕರೆದುಕೊಂಡು ಹೋದಾಗ ಅವಳಿಗೆ ಮಂಗನಬಾವು ಎದ್ದಿತ್ತು. ಮದುವೆಯಾದ ಹೊಸತರಲ್ಲಿ ಕಾಂತೇಶ ಗೋವಾಕ್ಕೆ ಕರೆದೊಯ್ಯುವೆನೆಂದು ಮಾತು ಕೊಟ್ಟಿದ್ದ, ಆಮೇಲೆ "ಗೋವಾದಾಗ ಭಾಳ ಮಳಿ ಅಂತ" ಎಂದು ಸವದತ್ತಿ ಗುಡ್ಡಕ್ಕೆ ಕರೆದುಕೊಂಡು ಹೋಗಿ ಬಂದಿದ್ದ. ಅದು ಏಪ್ರಿಲ್ ತಿಂಗಳು. ಆಮೇಲೆ ಬಸಿರು, ಬಾಣಂತನ, ಎಣ್ಣೆ, ನೀರು, ಹೊಗೆ. ಈಗ ಫ್ಲೆಕ್ಸಿನಲ್ಲಾದರೂ ಸಮುದ್ರ ಅವಳ ಮನೆಯ ತನಕ ಬಂದಿತ್ತು, ಅವಳೊಬ್ಬಳನ್ನು ಹೊರಗಿಟ್ಟು.

ಊಟ ಮುಗಿದ ಮೇಲೆ ಕೈಗೆ ನೀರು ಹಾಕುತ್ತ ಇನ್ನೊಮ್ಮೆ ಹೇಳಿದಳು. ಈ ಸಲ ಕಾಂತೇಶನಿಗೆ ಕೇಳಿಸಿತು.

"ನನಗೇನು ಆಸಿ ಇಲ್ಲೇನ ಉಮಾ? ಆದ್ರ ಡಾಕ್ಟರ್ ಏನಂತಾರೊ ಅದ ಖರೇ. ಡಾಕ್ಟರ್ ಬ್ಯಾಡಂದ್ರ ನಾವೇನ ಮಾಡಾಕ ಬರತೈತಿ?" ಎಂದು ಅವನು ಸಮುದ್ರದಷ್ಟು ಆಳವಾದ ಧ್ವನಿಯಲ್ಲಿ ಹೇಳಿದ.

ಮಕ್ಕಳ ಡಾಕ್ಟರು ಕೂಸನ್ನು ತೂಗಿದರು, ನಾಲಿಗೆ ನೋಡಿದರು, ಹೊಟ್ಟೆ ಒತ್ತಿದರು. ಕೂಸು ಅವರ ಪೆನ್ನು ಕಿತ್ತುಕೊಂಡಿತು.

"ಡಾಕ್ಟರ್ರ, ಹಡಗಿನ್ಯಾಗ ಹೋದ್ರ ಕೂಸಿಗೆ ತ್ರಾಸ ಆಗತೈತಲ್ರಿ?" ಎಂದು ಕಾಂತೇಶ ಕೇಳಿದ.

"ಏನೂ ಆಗೂದಿಲ್ಲ. ಆರು ತಿಂಗಳು ದಾಟೇತಿ, ತೂಕ ಚಲೋ ಐತಿ. ಹೋಗಿ ಬರ್ರಿ."

"ಸಮುದ್ರದ ಗಾಳಿ?"

"ಟೊಪಗಿ ಹಾಕ್ರಿ."

"ಬಿಸಲು?"

"ನೆರಳಾಗ ಕುಂದ್ರಸ್ರಿ."

"ವಾಂತಿ?"

"ಇಷ್ಟ ಸಣ್ಣ ಕೂಸುಗೋಳಿಗೆ ಅದು ಭಾಳ ಕಡಿಮಿ. ಏನಿದ್ರೂ ದೊಡ್ಡವರಿಗೆ."

ಕಾಂತೇಶ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. "ಇನ್ನೊಮ್ಮೆ ಎದಿಗೆ ಹಚ್ಚಿ ನೋಡ್ರಲಾ. ಎಲ್ಲೆರ ಏನರ ಇದ್ದೀತು."

ಡಾಕ್ಟರು ಕೂಸನ್ನು ಬಿಟ್ಟು ಅವನ ಮುಖವನ್ನೇ ನೋಡಿದರು. "ನಿಮಗೇನರ ಆಗೇತೇನ್ರಿ? ಬೆವರಾಕತ್ತೀರಲ್ಲ?"

ಬರುವಾಗ ಉಮಾಶ್ರೀ ಬಜಾರದಲ್ಲಿ ಕೂಸಿಗೊಂದು ಹೂವಿನ ಟೊಪ್ಪಿಗೆ ಕೊಂಡಳು. ಕಾಂತೇಶ ಅದನ್ನು ನೋಡಿಯೂ ನೋಡದಂತೆ ನಡೆದ.

ಇನ್ನುಳಿದದ್ದು ಪಂಚಾಂಗ. ಊರಿನ ಮುಹೂರ್ತಗಳನ್ನೆಲ್ಲ ನೋಡಿಕೊಡುವ ಬಸಯ್ಯನವರ ಮನೆಗೆ ಕಾಂತೇಶ ಒಬ್ಬನೇ ಹೋಗಬೇಕೆಂದುಕೊಂಡಿದ್ದ. ಆದರೆ ದಾರಿಯಲ್ಲಿ ಶಟ್ಟೆಪ್ಪ ಗಂಟುಬಿದ್ದ. "ಮುಹೂರ್ತ ನೋಡಾಕ ಹೊಂಟಿಯೇನ? ನಡಿ ನಡಿ, ತಾರೀಖು ಫ್ಲೆಕ್ಸಿನ್ಯಾಗ ಹಾಕೂದ ಬಿಟ್ಟೇತಿ" ಎಂದು ಹಿಂದೆಯೇ ಬಂದ.

ಬಸಯ್ಯನವರು ಅನುಭವಸ್ಥರು. ಪುಸ್ತಕ ತೆರೆಯುವ ಮೊದಲೇ ಕನ್ನಡಕದ ಮೇಲಿಂದ ನೋಡಿ, "ಹೋಗಬೇಕಂತ ಮಾಡೀಯೋ, ಬಿಡಬೇಕಂತ ಮಾಡೀಯೋ? ಅದನ್ನ ಮೊದಲ ಹೇಳಪಾ" ಎಂದರು.

ಕಾಂತೇಶ ಕಣ್ಣಿನಲ್ಲಿ ಒಂದು ಉತ್ತರ ಹೇಳಿದ. ಬಾಯಿ ತೆರೆಯುವಷ್ಟರಲ್ಲಿ ಶಟ್ಟೆಪ್ಪ ಅವನ ಬೆನ್ನು ಚಪ್ಪರಿಸಿ, "ಅದೇನ ಕೇಳತೀರಿ ಅಜ್ಜಾರ, ಇಂವಾ ನಿಂತ ಕಾಲ ಮ್ಯಾಲ ಅದಾನ!" ಎಂದ.

"ಹಂಗಾರ ಭೇಷಾತು" ಎಂದು ಬಸಯ್ಯನವರು ಪುಸ್ತಕ ತೆರೆದು ಕೂಡಲೇ ಮುಚ್ಚಿದರು. "ಕಂಪನಿಯವ್ರು ಹೇಳಿದ ದಿನಾನ ಚಲೋ ಐತಿ. ಇಂಥಾ ಯೋಗ ಮತ್ತ ಬರೂದಿಲ್ಲ."

ಎರಡು ಬಾಗಿಲೂ ಮುಚ್ಚಿದವು. ಇತ್ತ ಊರು ಬಿಡಲೊಲ್ಲದು. ಅಂಗಡಿಗೆ ಬಂದವರು ಪಂಪಿನ ಮಾತು ಬಿಟ್ಟು ಸಮುದ್ರದ ಮಾತು ಆಡಿದರು. ಸಂಪಗಾಂವದ ಒಬ್ಬ ರೈತ ಸಮುದ್ರದ ನೀರು ಬಾಟಲಿಯಲ್ಲಿ ತಂದುಕೊಡಲು ಹೇಳಿದ, ಎಮ್ಮೆಯ ಕಾಲುಬೇನೆಗೆ ಒಳ್ಳೆಯದಂತೆ. ಕಾಂತೇಶ ಎಲ್ಲರಿಗೂ ಹೂಂ ಎಂದ. ಅವನಿಗೆ ಇಲ್ಲ ಎನ್ನುವ ಅಭ್ಯಾಸವೇ ಇರಲಿಲ್ಲ, ಅದು ವ್ಯಾಪಾರದವರ ದೊಡ್ಡ ಗುಣ.

ರವಿವಾರ ಸಂಜೆ ಗೆಳೆಯರ ಬಳಗ ಅವನಿಗೆ ಸನ್ಮಾನ ಇಟ್ಟಿತು. ಹೋಗಿ ಬಂದವರಿಗೆ ಸನ್ಮಾನ ಮಾಡುವುದು ಎಲ್ಲ ಕಡೆಯ ರೂಢಿ, ಹೋಗುವ ಮುನ್ನವೇ ಮಾಡಿದರೆ ಮನುಷ್ಯ ಹಿಂದೆ ಸರಿಯುವುದಿಲ್ಲ ಎಂಬುದು ಶಟ್ಟೆಪ್ಪನ ಅಭಿಪ್ರಾಯ. ಅಂಗಡಿಯ ಮುಂದೆ ಪೆಂಡಾಲು, ಮೈಕು, ಕುರ್ಚಿ. ಕಾಂತೇಶನಿಗೆ ಶಾಲು ಹೊದಿಸಿ, ತಲೆಗೆ ಗುಲಾಬಿ ಬಣ್ಣದ ಪಟಗಾ ಸುತ್ತಿ, ಕೈಗೆ ತೆಂಗಿನಕಾಯಿ ಕೊಟ್ಟರು. ಮೊದಲ ಸಾಲಿನಲ್ಲಿ ಗುರುಬಸವ್ವ, ಪಕ್ಕದಲ್ಲಿ ಕೂಸನ್ನೆತ್ತಿಕೊಂಡು ಉಮಾಶ್ರೀ.

ಮೈಕು ಕೈಗೆ ಬಂದಾಗ ಕಾಂತೇಶನಿಗೆ ತನ್ನ ಯೋಜನೆ ನೆನಪಾಯಿತು. ಈಗಲ್ಲದಿದ್ದರೆ ಇನ್ನಿಲ್ಲ ಎಂದುಕೊಂಡು ಗಂಟಲು ಸರಿಪಡಿಸಿಕೊಂಡ.

"ಹಿರಿಯರ, ನಂದೇನಿಲ್ಲ. ನಾ ಅಂತೂ ಈಜಿಕೋತ ಹೋಗಾಕೂ ತಯಾರ ಅದೇನಿ." ಚಪ್ಪಾಳೆ ಬಿತ್ತು. "ಆದ್ರ ಮನಸಿಗೊಂದ ಕೊರಗ ಐತಿ. ಕೂಸು ಸಣ್ಣದು. ನನ್ನ ಮಗಳು ನೀರಿಗೆ ಭಾಳ ಅಂಜತಾಳ. ಹೆತ್ತ ಕರಳು ನೋಡ್ರಿ, ಆಕಿ ಸಲುವಾಗಿ ನಾ ಇಂಥಾ ಹತ್ತು ಹಡಗು..."

"ಯಾರಂದ್ರೊ?"

ಗುರುಬಸವ್ವ ಎದ್ದು ನಿಂತಿದ್ದಳು.

"ಯಾರಂದ್ರೊ ನನ್ನ ಮೊಮ್ಮಗಳು ಅಂಜತಾಳಂತ? ನನ್ನ ತವರುಮನಿ ಮುನವಳ್ಳಿ. ಹೊಳಿ ದಂಡ್ಯಾಗ ಹುಟ್ಟಿ ಬೆಳದಾಕಿ ನಾ. ನಮ್ಮ ರಕ್ತದಾಗ ನೀರಿಗೆ ಅಂಜಿದವ್ರು ಯಾರ ಅದಾರ?"

ಹಡಗಿಗೆ ತೊಲೆ ಜಂತಿ ಕೇಳಿದ್ದ ಗುರುಬಸವ್ವ ಇವಳೇನಾ ಎಂದು ಕೃಷ್ಣವ್ವ ಬಾಯಿ ತೆರೆದಳು. ಆದರೆ ಕೂಸನ್ನು ಹಡಗಿಗೆ ಕಳಿಸದಿರುವುದು ಬೇರೆ, ಕೂಸಿಗೆ ಅಂಜುಬುರುಕಿ ಎಂದು ಮೈಕಿನಲ್ಲಿ ಹೆಸರಿಡುವುದು ಬೇರೆ.

"ಕೇಳ್ರಿ ಎಲ್ಲಾರೂ" ಎಂದು ಗುರುಬಸವ್ವ ಮೈಕಿಲ್ಲದೆಯೇ ಕೂಗಿದಳು. "ನಮ್ಮ ತವರುಮನ್ಯಾಗ ಒಂದ ಪದ್ಧತಿ ಐತಿ. ಕೂಸು ದೊಡ್ಡ ನೀರು ದಾಟೂದಿದ್ರ ಮೊದಲ ಮನಿ ಹೊಳಿಗೆ ತೋರಸಬೇಕು. ಗಂಗವ್ವಗ ಉಡಿ ತುಂಬಿ, ಕೂಸನ್ನ ನೀರ ಮ್ಯಾಲ ಒಂದ ಸುತ್ತ ಹಾಕಸಬೇಕು. ಕೂಸು ನಕ್ಕರ ಗಂಗವ್ವ ಹೂಂ ಅಂದಂಗ. ಅತ್ತರ ಬ್ಯಾಡ ಅಂದಂಗ. ನಾಳೆ ಮುನವಳ್ಳಿಗೆ ನಡೀರಿ, ನೋಡೇಬಿಡೂಣು."

ಕಾಂತೇಶನಿಗೆ ಆಕಾಶವೇ ಕೈಗೆ ಬಂದಂತಾಯಿತು. ಅವನ ಮಗಳು ಅಳುವುದರಲ್ಲಿ ನಿಷ್ಣಾತೆ. ಕುಕ್ಕರ್ ಕೂಗಿದರೆ ಅಳುತ್ತಾಳೆ. ಶಟ್ಟೆಪ್ಪನ ಮೀಸೆ ನೋಡಿದರೆ ಅಳುತ್ತಾಳೆ. ಅಪ್ಪ ಕಪ್ಪು ಕನ್ನಡಕ ಹಾಕಿಕೊಂಡರಂತೂ ಮೂರು ಮನೆಗೆ ಕೇಳುವಂತೆ ಅಳುತ್ತಾಳೆ. ಅಂಥವಳು ಹೊಳೆಯ ನಡುವೆ ಸುಮ್ಮನಿರುತ್ತಾಳೆಯೇ? ಅವನು ಪಟಗಾ ಸರಿಮಾಡಿಕೊಂಡು, ಮೈಕನ್ನು ಬಾಯಿಗೆ ಹತ್ತಿರ ತಂದುಕೊಂಡು ಘೋಷಿಸಿದ:

"ಆತ್ರಿ! ನಮ್ಮವ್ವ ಹೇಳಿದ್ದ ಖರೇ. ಅತ್ತವರು ಹಡಗು ಹತ್ತೂ ಹಂಗಿಲ್ಲ! ಇದು ಕಾಂತೇಶನ ಮಾತು. ಊರು ಸಾಕ್ಷಿ!"

ಶಟ್ಟೆಪ್ಪ ಅದನ್ನು ಮೊಬೈಲಿನಲ್ಲಿ ಹಿಡಿದುಕೊಂಡ. ಉಮಾಶ್ರೀ ಕೂಸಿನ ಮುಖ ನೋಡಿದಳು. ತನ್ನ ಸಮುದ್ರ ಈಗ ಈ ಪುಟ್ಟ ತುಟಿಗಳ ಮೇಲೆ ನಿಂತಿದೆ ಎಂದು ಅವಳಿಗೆ ತಿಳಿಯಿತು.

ಮರುದಿನ ಬಡೇಸಾಬನ ಟ್ರ್ಯಾಕ್ಸ್ ಗಾಡಿ ತುಂಬಿತು. ಬಡೇಸಾಬ ಕಾಂತೇಶನ ಅಂಗಡಿಯ ಪೈಪುಗಳನ್ನು ಹಳ್ಳಿಗಳಿಗೆ ಮುಟ್ಟಿಸುವವನು, ಮಾತಿಗಿಂತ ಹಾರ್ನ್ ಹೆಚ್ಚು. ಒಳಗೆ ಹೆಣ್ಣುಮಕ್ಕಳು, ಹಿಂದೆ ಬಳಗದವರು, ಮಧ್ಯೆ ಹೊಸ ಪಟಗಾ ಕಟ್ಟಿಕೊಂಡ ಕಾಂತೇಶ. ಪಟಗಾ ಇರಲೇಬೇಕೆಂದು ಶಟ್ಟೆಪ್ಪನ ಹಟ, ಫೋಟೋ ಚೆನ್ನಾಗಿ ಬರುತ್ತದೆ. ಕಪ್ಪು ಕನ್ನಡಕವನ್ನು ಕಾಂತೇಶ ಜೇಬಿನಲ್ಲಿಟ್ಟುಕೊಂಡಿದ್ದ, ತುರ್ತಿಗೆ ಬೇಕಾದೀತೆಂದು. ದಾರಿಯುದ್ದಕ್ಕೂ ದಾನೇಶ್ವರಿ ಅತ್ತಳು. ಕಾಂತೇಶ ಬಹಳ ಸಮಾಧಾನದಿಂದ ಕೇಳುತ್ತ ಕುಳಿತ.

ಮುನವಳ್ಳಿಯ ಆಚೆ ಮಲಪ್ರಭೆಯ ಹಿನ್ನೀರು ತುಂಬಿ ನಿಂತಿತ್ತು. ಗುರುಬಸವ್ವ ದಂಡೆಯಲ್ಲಿ ಕುಳಿತು ನೀರಿಗೆ ಅರಿಷಿಣ ಕುಂಕುಮ ಹಾಕಿ, ಹಸಿರು ಬಳೆ, ಖಣ, ಅಕ್ಕಿ, ಕೊಬ್ಬರಿ ಬಿಟ್ಟು ಕೈ ಮುಗಿದಳು. ಮೀನು ಹಿಡಿಯುವ ಒಬ್ಬ ಅಂಬಿಗ ತನ್ನ ಹರಿಗೋಲನ್ನು ದಂಡೆಗೆ ತಂದ. ಹರಿಗೋಲೆಂದರೆ ದುಂಡಗಿನ ದೊಡ್ಡ ಬುಟ್ಟಿ. ಅದಕ್ಕೆ ಹಿಂದು ಮುಂದು ಇಲ್ಲ, ಮನಸ್ಸು ಬಂದ ಕಡೆ ತಿರುಗುತ್ತದೆ.

ಗುರುಬಸವ್ವ ಸೀರೆ ಸಿಗಿಸಿ ಒಂದೇ ಹೆಜ್ಜೆಗೆ ಒಳಗಿಳಿದಳು. ಉಮಾಶ್ರೀ ಕೂಸಿನೊಂದಿಗೆ ಇಳಿದಳು. ಕಾಂತೇಶ ದಂಡೆಯ ಮೇಲೆ ನಿಂತು, "ನಾ ಇಲ್ಲಿಂದ ನೋಡತೇನಿ, ಫೋಟೋ..." ಎಂದ.

"ನಾ ತಗೀತೇನಿ ಫೋಟೋ! ನೀ ಇಳಿ!" ಎಂದು ಶಟ್ಟೆಪ್ಪ ಹಿಂದಿನಿಂದ ನೂಕಿದ.

"ಪಂಪಿನ ಸಾಹುಕಾರ್ರಲ್ರಿ ನೀವು? ಬರ್ರಿ, ನಿಮಗೇನ ನೀರು ಹೊಸಾದ?" ಎಂದು ಅಂಬಿಗ ಕೈ ಹಿಡಿದು ಎಳೆದುಕೊಂಡ.

ಹರಿಗೋಲು ದಂಡೆ ಬಿಟ್ಟಿತು. ಬಿಟ್ಟ ಕೂಡಲೇ ಅಳುತ್ತಿದ್ದ ದಾನೇಶ್ವರಿ ಸುಮ್ಮನಾದಳು. ನೀರನ್ನು ನೋಡಿದಳು, ಅಜ್ಜಿಯನ್ನು ನೋಡಿದಳು, ತೊಟ್ಟಿಲು ಇಷ್ಟು ದೊಡ್ಡದಾದದ್ದು ಯಾವಾಗ ಎನ್ನುವಂತೆ ಸುತ್ತಲೂ ನೋಡಿದಳು. ಆಮೇಲೆ ಎರಡು ಹಲ್ಲು ತೋರಿಸಿ ನಕ್ಕಳು.

ದಂಡೆಯಿಂದ ಚಪ್ಪಾಳೆ ಕೇಳಿಸಿತು. ಕಾಂತೇಶ ಬುಟ್ಟಿಯ ಅಂಚನ್ನು ಎರಡೂ ಕೈಯಿಂದ ಹಿಡಿದು ಕುಳಿತಿದ್ದ. ಇನ್ನು ತಡಮಾಡಿದರೆ ಕೆಲಸ ಕೆಟ್ಟಿತು. ಒಂದು ಕೈಯನ್ನು ಪ್ರಯಾಸದಿಂದ ಬಿಡಿಸಿಕೊಂಡು ಜೇಬಿಗೆ ಹಾಕಿ, ಕಪ್ಪು ಕನ್ನಡಕ ತೆಗೆದು ಹಾಕಿಕೊಂಡು ಮಗಳ ಮುಂದೆ ಮುಖ ಒಡ್ಡಿದ. ದಾನೇಶ್ವರಿ ಕನ್ನಡಕವನ್ನು ಕಿತ್ತುಕೊಂಡು ಹೊಳೆಗೆ ಎಸೆದು ಕೇಕೆ ಹಾಕಿದಳು.

"ನಗಾಕತ್ತಾಳ! ಗಂಗವ್ವ ಹೂಂ ಅಂದ್ಲು!" ಎಂದು ಗುರುಬಸವ್ವ ಕೂಗಿದಳು. "ಏ ಅಂಬಿಗ, ಇನ್ನೊಂದ ಸುತ್ತ ಹಾಕಪಾ, ಜೋರ ತಿರಗಸು!"

ಅಂಬಿಗ ಹಿ‍ರಿಯರ ಮಾತು ಮೀರುವವನಲ್ಲ. ಹುಟ್ಟು ಹಾಕಿ ಹರಿಗೋಲನ್ನು ಬುಗುರಿಯಾಡಿಸಿದ. ಮುನವಳ್ಳಿ ತಿರುಗಿತು, ದಂಡೆ ತಿರುಗಿತು, ದಂಡೆಯ ಮೇಲೆ ಬಡೇಸಾಬನ ಟ್ರ್ಯಾಕ್ಸ್ ಒಂದಿದ್ದದ್ದು ಹಲವಾಯಿತು. ಕಾಂತೇಶನ ಬಣ್ಣ ಮೊದಲು ಹಳದಿಯಾಯಿತು, ಆಮೇಲೆ ಗಂಗವ್ವನಿಗೆ ಬಿಟ್ಟ ಬಳೆಯ ಬಣ್ಣಕ್ಕೆ ತಿರುಗಿತು. ಅವನು ಪಟಗಾ ಬಿಚ್ಚಿ ಅದರಲ್ಲೇ ಬೆಳಗಿನ ಉಪ್ಪಿಟ್ಟು ಒಪ್ಪಿಸಿದ. ಆಮೇಲೆ ತಾಯಿಯ ಕಾಲು ಗಟ್ಟಿಯಾಗಿ ತಬ್ಬಿಕೊಂಡು, ಆಚೆ ದಂಡೆಯ ದನಗಳೂ ತಲೆಯೆತ್ತಿ ನೋಡುವಂತೆ ಬೊಬ್ಬೆ ಹೊಡೆದ.

"ಯವ್ವಾ! ದಂಡಿಗೆ ಹಚ್ಚಸ ಯವ್ವಾ! ಸತ್ನೆಬೇ ಯವ್ವಾ!"

ಬೊಬ್ಬೆಯ ಹಿಂದೆ ಅಳು ಬಂತು, ಕಣ್ಣೀರು ಸಮೇತ ಖರೇ ಅಳು. ದಾನೇಶ್ವರಿ ಅಪ್ಪನ ಮೂಗು ಹಿಡಿದು ನಗುತ್ತಿದ್ದಳು.

ದಂಡೆಗೆ ತಂದು ಮಲಗಿಸಿ, ಮುಖಕ್ಕೆ ನೀರು ಚಿಮುಕಿಸಿದ್ದಾಯಿತು. ನೀರು ಬೇಡ ಎಂದು ಅವನು ಮುಖ ತಿರುಗಿಸಿದ. ಬಳಗದವರೆಲ್ಲ ಸುತ್ತ ನೆರೆದರು. ಬಡೇಸಾಬ ತಲೆ ಕೆರೆದುಕೊಂಡ.

"ಕಾಂತೇಶಣ್ಣ, ಒಂದ ಮಾತ ಕೇಳಲೇನ್ರಿ? ನಿನ್ನೆ ಮೈಕಿನ್ಯಾಗ ಅತ್ತವರು ಹಡಗು ಹತ್ತೂ ಹಂಗಿಲ್ಲ ಅಂದ್ರಲ್ರಿ. ಕೂಸು ಅಂತೂ ಅಳಲಿಲ್ಲ..."

ಶಟ್ಟೆಪ್ಪ ಮೊಬೈಲ್ ತೆಗೆದು ಆ ಘೋಷಣೆಯನ್ನು ಎಲ್ಲರಿಗೂ ಕೇಳಿಸಿದ. "ಊರು ಸಾಕ್ಷಿ" ಎಂಬಲ್ಲಿ ಧ್ವನಿ ಬಹಳ ಗಟ್ಟಿಯಾಗಿತ್ತು.

ಗುರುಬಸವ್ವ ಸೆರಗು ಹಿಂಡುತ್ತ ತೀರ್ಪು ಕೊಟ್ಟಳು. "ಹೌದಲ್ಲ. ಗಂಗವ್ವ ಮೂರು ಮಂದಿನ ಹೂಂ ಅಂದಾಳ, ಒಬ್ಬನ್ನ ಒಲ್ಲೆ ಅಂದಾಳ. ನಾವ ಅತ್ತಿ ಸೊಸಿ ಕೂಸಿನ್ನ ಕರಕೊಂಡ ಹೋಗತೇವಿ. ನೀ ಅಂಗಡಿ ನೋಡಕೋ."

"ಅತ್ಯಾರ!" ಎಂದಳು ಉಮಾಶ್ರೀ. ಕೂಸನ್ನು ಇನ್ನಷ್ಟು ಎದೆಗವಚಿಕೊಂಡಳು.

ಕಾಂತೇಶ ಒಂದು ಮೊಣಕೈ ಮೇಲೆ ಎದ್ದ. ಹೋಗುವುದು ತಪ್ಪಿದ್ದಕ್ಕೆ ಸಂತೋಷ, ಆದರೆ ತಾನಿಲ್ಲದೆ ಅವರು ಹೋಗುವುದೆಂದರೆ? ಫ್ಲೆಕ್ಸಿನ ಗತಿಯೇನು? "ಹಂಗ ಆಗೂದಿಲ್ಲ ಯವ್ವಾ. ಬಹುಮಾನ ನನ್ನ ಹೆಸರಿನ್ಯಾಗ ಐತಿ. ಬೇಕಾದ್ರ ಕಂಪನಿ ಸಾಹೇಬರನ್ನ ಕೇಳು" ಎಂದು ಫೋನು ಹಚ್ಚಿ, ಎಲ್ಲರಿಗೂ ಕೇಳಲೆಂದು ಸ್ಪೀಕರ್ ಇಟ್ಟ.

ಬೆಳಗಾವಿಯ ಸಾಹೇಬರು ಸೌಮ್ಯವಾಗಿ ಮಾತಾಡಿದರು. "ಕಾಂತೇಶ ಅವರ, ನಿಮ್ಮ ಹೆಸರು ಎಲ್ಲೈತ್ರಿ ಇದರಾಗ? ಡೀಲರ್ ಅಂದ್ರ ಗುರುಬಸವ್ವ ಮೇಡಮ್ ಅವರಲ್ರಿ. ಅವರ ಆಧಾರ್ ಕಳಸ್ರಿ ಅಂತ ಎಷ್ಟ ಸಲ ಮೆಸೇಜ್ ಹಾಕೇನಿ, ನೀವು ಬರೇ ಕೈ ಮುಗಿಯೂ ಚಿತ್ರ ಕಳಸಾಕತ್ತೀರಿ. ಮೇಡಮ್ ಅವರ ಜೋಡಿ ಒಬ್ಬರು ಬರಬಹುದು. ಯಾರನ್ನ ಕರಕೊಂಡ ಬರತಾರೊ ಅದು ಮೇಡಮ್ ಅವರ ಮರ್ಜಿ."

ಕಾಂತೇಶ ಫೋನನ್ನು ಜೇಬಿಗೆ ಹಾಕಿಕೊಂಡ.

"ಡೀಲರ್ ಅಂದ್ರ ಏನೊ ಕಾಂತ್ಯಾ?" ಎಂದು ಗುರುಬಸವ್ವ ಕೇಳಿದಳು.

"ಮಾಲಕರು ಯವ್ವಾ" ಎಂದ ಕಾಂತೇಶ ಸಣ್ಣ ಧ್ವನಿಯಲ್ಲಿ.

"ಇಷ್ಟ ವರ್ಷ ಯಾಕ ಹೇಳಿದ್ದಿಲ್ಲ?" ಎಂದು ಕೇಳಿ ಅವಳು ಉತ್ತರಕ್ಕೆ ಕಾಯದೆ ಸೊಸೆಯ ಕಡೆ ತಿರುಗಿದಳು. "ಉಮಾ, ನೀ ಬರತಿಯಿಲ್ಲ ನನ್ನ ಜೋಡಿ?"

ಯಾವ ಡಾಕ್ಟರೂ, ಯಾವ ಪಂಚಾಂಗವೂ, ಗಂಡನೂ ಕೇಳದಿದ್ದ ಪ್ರಶ್ನೆ ಅದು. ಉಮಾಶ್ರೀ, "ಬರತೇನ್ರಿ ಅತ್ಯಾರ" ಎಂದಳು. ಯಾರಾದರೂ ಮನಸ್ಸು ಬದಲಿಸಿಯಾರೆಂದು ಇನ್ನೊಮ್ಮೆ, ಇನ್ನೂ ಗಟ್ಟಿಯಾಗಿ ಹೇಳಿದಳು.

ಶಟ್ಟೆಪ್ಪ ಎಂಥ ಸಂಕಟದಲ್ಲೂ ಕೆಲಸ ಬಿಡುವವನಲ್ಲ. ಮರುದಿನವೇ ಕಂಬಗಳ ನಡುವೆ ಹೊಸ ಫ್ಲೆಕ್ಸ್ ಬಂತು. ಹಡಗು ಅದೇ, ಕ್ಯಾಪ್ಟನ್ನನ ಟೋಪಿ ಅದೇ. ಹಡಗಿಗಿಂತ ಎತ್ತರವಾಗಿ ಈಗ ಗುರುಬಸವ್ವ, ಹಣೆಯ ತುಂಬ ವಿಭೂತಿ ಹಚ್ಚಿಕೊಂಡು ನಿಂತಿದ್ದಳು. ಪಕ್ಕದಲ್ಲಿ ಉಮಾಶ್ರೀ, ತಲೆಗೆ ಹೂ ಮುಡಿದು. ಕಾಂತೇಶನ ಮುಖ ಕೆಳಗಿನ ಸಾಲಿನಲ್ಲಿ, ಶುಭ ಕೋರುವವರ ಕೊನೆಯಲ್ಲಿ, ಬಟನ್ನಿನಷ್ಟು ಇತ್ತು. ಜಾಗ ಸಾಲದ್ದಕ್ಕೆ ಒಂದು ಕಿವಿ ಹೊರಗೆ ಹೋಗಿತ್ತು.

ಬೆಳಗಾವಿಯಿಂದ ಡೀಲರುಗಳ ಕುಟುಂಬಗಳಿಗೆಲ್ಲ ಸೇರಿ ಮುಂಬೈಗೆ ಒಂದು ಬಸ್ಸು ಹೊರಟಿತು. ಕಾಂತೇಶ ಅವರನ್ನು ಹತ್ತಿಸಿ ಬಂದು ಅಂಗಡಿ ತೆರೆದ. ಬಂದ ಗಿರಾಕಿಗಳೆಲ್ಲ, "ಮಾಲಕರು ಎಲ್ಲ್ಯದಾರ?" ಎಂದು ಕೇಳಿ ಅವನ ಮುಖವನ್ನೇ ನೋಡುತ್ತಿದ್ದರು. "ಸಮುದ್ರದಾಗ ಅದಾರ್ರಿ" ಎಂದು ಅವನು ಹೇಳಬೇಕಾಗುತ್ತಿತ್ತು. ಪ್ಲಾಸ್ಟಿಕ್ ಹಡಗನ್ನು ಈಗ ಗೋಡೆಗೆ ಮುಖಮಾಡಿ ಇಟ್ಟಿದ್ದ. ಸಂಪಗಾಂವದ ರೈತನಿಗೆ, ಬಾಟಲಿಯ ಕೆಲಸ ಅವ್ವನಿಗೆ ಒಪ್ಪಿಸಿದ್ದೇನೆ ಎಂದು ತಿಳಿಸಿದ. ಮನೆಯಲ್ಲಿ ತೊಟ್ಟಿಲು ಖಾಲಿ ಇತ್ತು. ಆಚೀಚೆ ಹೋಗುವಾಗ ಅವನು ಸುಮ್ಮನೆ ಒಮ್ಮೆ ಅದರ ಹಗ್ಗ ಜಗ್ಗುತ್ತಿದ್ದ. ಕೂಸಿನ ಅಳು ಕೇಳದೆ ಮನೆ ಬಿಕೋ ಎನ್ನುತ್ತಿತ್ತು, ಅದನ್ನು ಅವನು ಕೃಷ್ಣವ್ವನ ಮುಂದೆಯೂ ಒಪ್ಪಿಕೊಂಡ.

ಹಡಗು ಹೊರಟ ಮರುದಿನ ಸಂಜೆ ಹಡಗಿನ ವೈಫೈ ಮೇಲೆ ಫೋನು ಬಂತು, ಮುಖ ಕಾಣುವ ಫೋನು. ಮೊದಲು ಗುರುಬಸವ್ವ ಪರದೆಯ ತುಂಬ ಬಂದಳು.

"ಕಾಂತ್ಯಾ, ಕೇಳಿಸತೈತೇನೊ? ಸೀರಿ ಜೋಳಿಗಿ ಕಟ್ಟೇನಿ ಕೂಸಿಗೆ, ಖೋಲ್ಯಾಗ. ಆದ್ರ ತೂಗೂದ ಬ್ಯಾಡ. ಹಡಗ ತಾನ ತೂಗತೈತಿ! ಹೊಗಿ ಇಲ್ಲದ ಮಲಗ್ಯಾಳ ನೋಡೊ!"

ಪರದೆಯಲ್ಲಿ ಹಸಿರು ಸೀರೆಯ ಜೋಳಿಗೆ ಕಂಡಿತು. ಅದು ಎಡಕ್ಕೆ ಹೋಗಿ ಬಲಕ್ಕೆ ಬಂತು. ಕಾಂತೇಶ ಗಲ್ಲಾಪೆಟ್ಟಿಗೆಯನ್ನು ಹಿಡಿದುಕೊಂಡು ಕುಳಿತ.

"ಉಮಾ ಎಲ್ಲಿ ಯವ್ವಾ?"

"ಹೊರಗ ನಿಂತಾಳ. ಮುಂಜಾನಿಂದ ಅಲ್ಲೇ ನಿಂತಾಳ. ತಡಿ, ಕೊಡತೇನಿ."

ಫೋನು ಕೈಯಿಂದ ಕೈಗೆ ಹೋಯಿತು. ಮೊದಲು ಸಮುದ್ರ ಕಂಡಿತು, ದಂಡೆಯೇ ಇಲ್ಲದ ನೀರು, ಅದರ ತುದಿಯಲ್ಲಿ ಇಳಿಯುತ್ತಿದ್ದ ಸೂರ್ಯ. ಅದರ ಮುಂದೆ ಉಮಾಶ್ರೀಯ ಮುಖ ಬಂತು. ಗಾಳಿಗೆ ಕೂದಲು ಹಾರಿ ಬಾಯಿಗೆ ಬೀಳುತ್ತಿತ್ತು. ಅವಳು ನಗುತ್ತಿದ್ದಳು, ನಗುತ್ತಲೇ ಅಳುತ್ತಿದ್ದಳು. ಕಣ್ಣೀರನ್ನು ಒರೆಸಿಕೊಳ್ಳುವ ಗೊಡವೆಗೂ ಹೋಗಿರಲಿಲ್ಲ.

ಕಾಂತೇಶನಿಗೆ ಗಾಬರಿಯಾಯಿತು. ಬಾಯಿಗೆ ಬಂದದ್ದನ್ನು ಹೇಳಿದ.

"ಏ ಉಮಾ, ಅಳಬ್ಯಾಡ! ಅತ್ತವರು ಹಡಗು ಹತ್ತೂ ಹಂಗಿಲ್ಲ."

"ಹತ್ತಿ ಆಗೇತ್ರಿ" ಎಂದಳು ಉಮಾಶ್ರೀ.